ನಕ್ಷತ್ರ ಇಳಿಸಿದ ಮೇಲೆ

ಜನವರಿ 6ರ ಮೂವರು ಜ್ಞಾನಿಗಳ ಹಬ್ಬ ಕಳೆಯಿತೆಂದರೆ ಬೇಳ, ಮಂಜೇಶ್ವರದ ಕಡೆಯ ಕ್ರೈಸ್ತ ಮನೆಗಳಲ್ಲಿ ಗೋದಲಿಯ ಬೊಂಬೆಗಳು ಮರಳಿ ಪೆಟ್ಟಿಗೆ ಸೇರುತ್ತವೆ. ಕುಸ್ವಾರಿನ ಡಬ್ಬದ ತಳ ಕಾಣಿಸುತ್ತದೆ. ಅಂಗಳದ ಮಾವಿನ ಕೊಂಬೆಗೆ ಕಟ್ಟಿದ ಕಾಗದದ ನಕ್ಷತ್ರವನ್ನು ಯಾರಾದರೊಬ್ಬರು ಏಣಿ ಇಟ್ಟು ಇಳಿಸುತ್ತಾರೆ. ಡಿಸೆಂಬರಿನಲ್ಲಿ ಭಕ್ತಿಗೆ ಬೇಕಾದ ಸಹಾಯವೆಲ್ಲ ಒದಗಿ ಬರುತ್ತದೆ: ಹಾಡು ಕಲಿಸುವವರಿದ್ದಾರೆ, ನೆಂಟರು ಬರುತ್ತಾರೆ, ಗಂಟೆ ಬಾರಿಸುತ್ತದೆ. ಜನವರಿಯ ಎರಡನೆಯ ವಾರದಲ್ಲಿ ಇವೊಂದೂ ಇರುವುದಿಲ್ಲ. ಆಮೇಲೆ ಮನೆಯೊಳಗೆ ಉಳಿಯುವುದೇನು?

ಈ ಪ್ರಶ್ನೆ ಬಂದಾಗ ನಮ್ಮ ಮನಸ್ಸು ಇನ್ನೊಂದು ಗಡಿನಾಡಿನ ಕಡೆಗೆ ಹೋಗುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯ ಪಾಲಾದವು. ತೆಲುಗಿನವರು ಆದೋನಿ ಎನ್ನುವ ಆ ಊರಿನ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿ ಉಳಿದಿದೆ. ಗಡಿಯಾಚೆ ಉಳಿದವರ ಪಾಡು ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾಗಿಲ್ಲ.

ಆ ಸೀಮೆಗೆ ಕನ್ನಡ ಸತ್ಯವೇದದ ಮಟ್ಟಿಗೆ ಒಂದು ಹಿರಿತನವೂ ಇದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಆದವಾನಿ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಹ್ಯಾಂಡ್ಸ್ ಮತ್ತು ಅವರ ಜತೆಗಾರ ವಿಲಿಯಂ ರೀವ್ ಅಲ್ಲಿನ ಪಂಡಿತರ ನೆರವಿನಿಂದ ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದರು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ. ಅಂದರೆ ಮಂಗಳೂರಿನಲ್ಲಿ ಅಚ್ಚಿನ ಮೊಳೆ ಜೋಡಿಸುವುದಕ್ಕೆ ಬಹಳ ಮೊದಲೇ ಬಳ್ಳಾರಿ ಸೀಮೆಯವರಿಗೆ ತಮ್ಮ ಮಾತಿನ ವೇದ ದೊರಕಿತ್ತು. ಇಂಥ ಹಿರಿತನವಿದ್ದ ಸೀಮೆಯಲ್ಲಿ ಇಂದು ಅದನ್ನು ಓದುವ ಮಕ್ಕಳು ಎಷ್ಟು ಮಂದಿ ಎಂದು ಕೇಳುವ ಸ್ಥಿತಿ ಬಂದಿದೆ.

ಇದಕ್ಕೆ ಭಾಷೆಯೊಂದೇ ಕಾರಣವಲ್ಲ, ಹೊಟ್ಟೆಯೂ ಕಾರಣ. ಪಶ್ಚಿಮ ಕರ್ನೂಲು ಮಳೆಯನ್ನು ನಂಬಿದ ನೆಲ. ತುಂಗಭದ್ರೆಯ ಕಾಲುವೆ ಮುಟ್ಟಿದ ಹೊಲಗಳ ಮಾತು ಬೇರೆ; ಉಳಿದ ಕಡೆ ಹತ್ತಿ, ಶೇಂಗಾ, ಜೋಳ, ಎಲ್ಲವೂ ಆಕಾಶದ ಕೃಪೆ. ಹತ್ತಿ ಬಿಡಿಸಿ ಮುಗಿಯುತ್ತಲೇ ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಹೊಳಗುಂದ ಕಡೆಯ ಕೂಲಿಯವರು ಗುಳೆ ಹೊರಡುತ್ತಾರೆ. ಗುಳೆ ಎಂಬ ಮಾತು ನಮ್ಮ ಕಡೆಯವರಿಗೆ ಅಷ್ಟು ಪರಿಚಿತವಲ್ಲ. ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಕಟ್ಟಿಕೊಂಡು, ಇಡೀ ಕೇರಿಯೇ ಕೂಲಿಗಾಗಿ ಪರಸ್ಥಳಕ್ಕೆ ಏಳುವುದೆಂದು ಅದರ ಅರ್ಥ. ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಬಹಳ ಮಂದಿ ಗುಂಟೂರು, ಪಲ್ನಾಡು ಕಡೆಯ ಮೆಣಸಿನಕಾಯಿ ಹೊಲಗಳಿಗೆ. ಅಲ್ಲಿ ಮೆಣಸಿನಕಾಯಿಯ ಕೊಯ್ಲು ಜನವರಿಯಿಂದ ಸುಮಾರು ಏಪ್ರಿಲ್ ತನಕ. ಇವರಲ್ಲಿ ಎಲ್ಲ ಮತದವರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ.

ಈಗ ಪಂಚಾಂಗ ನೋಡಿ. ನಕ್ಷತ್ರ ಇಳಿಸುವ ತಿಂಗಳೇ ಗುಳೆಯ ತಿಂಗಳು. ತಪಸ್ಸು ಕಾಲದ ನಲವತ್ತು ದಿನ, ಶುಭ ಶುಕ್ರವಾರ, ಕೆಲವು ವರ್ಷ ಈಸ್ಟರ್ ಕೂಡ ಪರರ ಹೊಲದ ಅಂಚಿನಲ್ಲಿ, ಟಾರ್ಪಾಲಿನ ಕೆಳಗೆ ಕಳೆಯುತ್ತವೆ. ಕೊಯ್ದ ಕಾಯಿಯ ತೂಕ ನೋಡಿ ಕೂಲಿ ಎಣಿಸುವಲ್ಲಿ ಭಾನುವಾರವನ್ನು ಬಿಡುವುದೆಂದರೆ ಒಂದು ದಿನದ ಗಂಜಿಯನ್ನು ಬಿಟ್ಟಂತೆ. ಊರಿನ ಪಾದ್ರಿ ಅಷ್ಟು ದೂರ ಬರಲಾರ. ಬಂದರೂ ಯಾವ ಹೊಲಕ್ಕೆಂದು ಹೋದಾನು?

ಗುಂಟೂರಿನ ಕಡೆ ಚರ್ಚುಗಳಿಗೇನು ಕೊರತೆ, ಅಮೆರಿಕದ ಲೂಥರನ್ ಮಿಶನರಿ ಹೇಯರ್ 1842ರಲ್ಲೇ ಅಲ್ಲಿಗೆ ಬಂದಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದವಾನಿಯವರಿಗೆ ತೆಲುಗು ಚೆನ್ನಾಗಿ ಬರುತ್ತದೆ ಎಂಬುದೂ ನಿಜ. ತೆಲುಗಿನಲ್ಲಿ ಕರೆದರೆ ದೇವರಿಗೆ ಕೇಳಿಸುವುದಿಲ್ಲವೆಂದು ನಾವು ಹೇಳಲಾರೆವು. ಆದರೆ ಮನೆಯ ಹಿರಿಯಳು ಅರ್ಧ ನಿದ್ದೆಯಲ್ಲೂ ತಪ್ಪದೆ ಹೇಳುವ ಕರ್ತನ ಪ್ರಾರ್ಥನೆ ಕನ್ನಡದ್ದು. ದಣಿದು ಬಂದ ರಾತ್ರಿ ಪುಸ್ತಕವಿಲ್ಲದೆ, ದೀಪವಿಲ್ಲದೆ ಬಾಯಿಗೆ ಬರುವುದು ಅದೇ. ಡೇರೆಯ ಮುಂದೆ ಒಲೆ ಆರುವ ಮೊದಲು ಐದು ನಿಮಿಷ ಕುಳಿತು ಇದನ್ನು ಹೇಳುವ ಕುಟುಂಬಕ್ಕೆ ಚರ್ಚು ಎಷ್ಟು ದೂರವಿದ್ದರೂ ನಡೆಯುತ್ತದೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಕೊಟ್ಟ ವಾಗ್ದಾನದ ಕಾರ್ಡನ್ನು ಗೋಡೆಗೆ ಅಂಟಿಸಿ ಮರೆಯುವುದಕ್ಕಿಂತ ಗಂಟಿನಲ್ಲಿ ಕಟ್ಟಿಕೊಂಡು ಹೋಗಿ ದಿನಾ ಒಬ್ಬರು ಓದುವುದು ಮೇಲು. ಕೂಲಿ ಕೈಗೆ ಬಂದ ದಿನ ಅನ್ನಕ್ಕೆ ಅಳೆಯುವ ಮೊದಲು ದೇವರ ಹೆಸರಿನಲ್ಲಿ ಒಂದು ಹಿಡಿ ಅಕ್ಕಿ ಬೇರೆ ತೆಗೆಯುವುದಕ್ಕೆ ಯಾವ ಗೋಪುರವೂ ಬೇಡ.

ಇದನ್ನು ಬರೆಯುವಾಗ ಒಂದು ಮಾತನ್ನು ನುಂಗಿಕೊಳ್ಳಲಾರೆವು. ಡಿಸೆಂಬರಿನಲ್ಲಿ ಬಣ್ಣದ ದೀಪದ ಸರಕ್ಕೂ ಧ್ವನಿವರ್ಧಕಕ್ಕೂ ಚಂದಾ ಎತ್ತುವ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲು ಮಕ್ಕಳ ಕೈಗೊಂದು ಕನ್ನಡ ಸತ್ಯವೇದ ಕೊಡಿಸುವುದರಲ್ಲಿ ಇದ್ದಿದ್ದರೆ! ಈ ಮಾತು ಆದವಾನಿಗೆ ಮಾತ್ರ ಅಲ್ಲ. ನಮ್ಮಲ್ಲಿ ಸಂಜೆಯ ತೇರ್ಸದ ಹೊತ್ತಿಗೆ ಟೀವಿಯ ಸದ್ದು ತಗ್ಗಿಸುವ ಮನೆಗಳೆಷ್ಟು? ಮಂಜೇಶ್ವರದ ಗೋವಿಂದ ಪೈಗಳು ತಾವು ಕ್ರೈಸ್ತರಲ್ಲದಿದ್ದರೂ ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು. ಅವರ ಊರಿನಲ್ಲೇ ತಪಸ್ಸು ಕಾಲದಲ್ಲಿ ಅದನ್ನು ತೆರೆದು ಓದುವವರು ಅಪರೂಪವೆಂದರೆ ಯಾರನ್ನು ದೂರುವುದು?

ಗುಳೆ ಹೋದವರ ಮಕ್ಕಳ ವಿಷಯಕ್ಕೆ ಬರೋಣ. ಕೆಲವು ಮಕ್ಕಳು ತಂದೆತಾಯಿಯ ಜತೆ ಹೋಗಿ ಶಾಲೆ ತಪ್ಪಿಸಿಕೊಳ್ಳುತ್ತವೆ. ಕೆಲವು ಸರಕಾರ ಆ ತಿಂಗಳುಗಳಿಗಾಗಿಯೇ ತೆರೆಯುವ ವಸತಿ ನಿಲಯಗಳಲ್ಲಿ ಉಳಿಯುತ್ತವೆ. ಬಹಳಷ್ಟು ಮಕ್ಕಳಿಗೆ ಅಜ್ಜಿಯೇ ಗತಿ. ಕರ್ನೂಲಿನ ಗಡಿ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲೂ ಆಂಧ್ರದಲ್ಲಿ ಅವಕಾಶವಿದೆ. ಆದರೂ ಕೂಲಿಯ ಮನೆಯ ಮಗು ಸಾಮಾನ್ಯವಾಗಿ ಹತ್ತಿರದ ತೆಲುಗು ಶಾಲೆಗೇ ಹೋಗುತ್ತದೆ. ಹೀಗೆ ಒಂದೇ ಮನೆಯಲ್ಲಿ ಅಜ್ಜಿಯ ಬಳಿ ಕನ್ನಡ ಸತ್ಯವೇದವಿದೆ, ಓದಲು ಕಣ್ಣಿಲ್ಲ. ಮೊಮ್ಮಗಳಿಗೆ ಕಣ್ಣಿದೆ, ಬಂದ ಅಕ್ಷರ ತೆಲುಗಿನದು.

ಮೇಷ್ಟ್ರ ಬುದ್ಧಿಗೆ ಇಲ್ಲೊಂದು ದಾರಿ ಕಾಣುತ್ತದೆ. ಮಲೆಯಾಳ ಲಿಪಿ ಕಲಿತ ಮಗುವಿಗೆ ಕನ್ನಡವನ್ನು ಮೊದಲಿನಿಂದ ಕಲಿಸಬೇಕು. ನಮ್ಮ ಮಕ್ಕಳ ಕಷ್ಟ ಅದು. ತೆಲುಗು, ಕನ್ನಡ ಲಿಪಿಗಳಾದರೋ ಒಂದೇ ತಾಯ ಮಕ್ಕಳು. ತಲೆಕಟ್ಟು ಬೇರೆ, ಕ, ತ ಮುಂತಾದ ಕೆಲವು ಅಕ್ಷರಗಳು ಬೇರೆ, ಉಳಿದವು ಬಹುಪಾಲು ಮುಖ ನೋಡಿದರೆ ಗುರುತು ಸಿಗುವಂಥವು. ತೆಲುಗು ಓದಬಲ್ಲ ಹತ್ತು ವರ್ಷದ ಹುಡುಗಿಗೆ ಒಂದು ತಿಂಗಳು ಸಾಕು. ಭಾನುವಾರದ ಶಾಲೆಯವರು ಕ್ರಿಸ್ಮಸ್ ನಾಟಕ ಕಲಿಸಲು ತೆಗೆದಿಡುವ ಹೊತ್ತನ್ನು ಜನವರಿಯಲ್ಲೂ ತೆಗೆದಿಟ್ಟರಾಯಿತು.

ಪಾಠಕ್ಕೆ ಬೇರೆ ಪುಸ್ತಕ ಹುಡುಕಬೇಕಾಗಿಲ್ಲ. ಕೀರ್ತನೆಗಳು 150. ಜನವರಿ 7ರಿಂದ ದಿನಕ್ಕೊಂದರಂತೆ ಹಿಡಿದರೆ ಜೂನ್ ಮೊದಲ ವಾರದಲ್ಲಿ ಮುಗಿಯುತ್ತವೆ. 119ನೆಯದು ಮಾತ್ರ 176 ವಚನಗಳ ಉದ್ದದ್ದು, ಅದಕ್ಕೆ ಒಂದು ವಾರ ಕೊಡಬೇಕಾದೀತು. 117ನೆಯದಕ್ಕೆ ಎರಡೇ ವಚನ, ಅಂದು ಮಗು ಬೇಗ ಆಟಕ್ಕೆ ಓಡಬಹುದು. ಮೊಮ್ಮಗಳು ಅಕ್ಷರ ಕೂಡಿಸಿ ಓದುತ್ತಾ ಹೋಗಲಿ. ಎಡವಿದಲ್ಲಿ ಅಜ್ಜಿ ಪುಸ್ತಕ ನೋಡದೆಯೇ ತಿದ್ದುತ್ತಾಳೆ, ಎಷ್ಟೋ ಕೀರ್ತನೆಗಳು ಆಕೆಗೆ ಬಾಯಿಪಾಠ. ಶಾಲೆಗಳು ಮತ್ತೆ ತೆರೆಯುವ ಹೊತ್ತಿಗೆ ಗುಂಟೂರಿನಿಂದ ತಂದೆತಾಯಿ ಊರಿಗೆ ಬಂದಿರುತ್ತಾರೆ. ಕೊನೆಯ ಕೆಲವು ಕೀರ್ತನೆಗಳನ್ನು ಅವರೂ ಕುಳಿತು ಕೇಳಬಹುದು.