ಶಾಲೆಯ ಕೆಲಸಕ್ಕೆ ಬಂದವರು ಯಾರು?

ಭಟ್ಕಳ, ಹೊನ್ನಾವರ, ಕುಮಟಾದ ಮೀನುಪೇಟೆಯಲ್ಲಿ ನಾವು ಕಿವಿರು ಎತ್ತಿ ನೋಡಿಯೇ ಮೀನು ಕೊಳ್ಳುತ್ತೇವೆ. ಮಗುವನ್ನು ಶಾಲೆಗೆ ಕಳಿಸುವಾಗ ಏನು ಕೇಳುತ್ತೇವೆ? ಫೀಸು ಎಷ್ಟು ಅಂತ, ಅಷ್ಟೇ.

2014ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಆರು ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾದ ದೂರು ಬಂತು. ತಾಯ್ತಂದೆಯರು ಬೀದಿಗಿಳಿದರು.

2020ರ ಪೋಕ್ಸೋ ನಿಯಮದಂತೆ ಶಾಲೆಯ ಎಲ್ಲ ಸಿಬ್ಬಂದಿಯ ಹಿನ್ನೆಲೆಯನ್ನು ಆಗಾಗ ಪೊಲೀಸರಿಂದ ಪರಿಶೀಲಿಸಬೇಕು. ಮಾಸ್ತರರು, ಆಯಾ, ಡ್ರೈವರ್, ಗುತ್ತಿಗೆಯವರೂ ಸೇರಿ. 'ನಮ್ಮೂರಿನವನೇ' ಎಂದು ಬಿಡುವಂತಿಲ್ಲ.

ಆದರೆ ಇವತ್ತು ಬೆಳಿಗ್ಗೆ ವ್ಯಾನು ತಂದವ ಕುಡಿದಿದ್ದಾನೋ ಎಂದು ಪೊಲೀಸರ ಕಾಗದ ಹೇಳುವುದಿಲ್ಲ. ಅದನ್ನು ಬಾಗಿಲಲ್ಲಿ ನಿಂತ ನಾವೇ ನೋಡಬೇಕು. ಮಗು 'ಆ ವ್ಯಾನಿಗೆ ಹೋಗೂದಿಲ್ಲ' ಅಂದರೆ ಗದರಬೇಡಿ. ಯಾಕೆ ಅಂತ ಕೇಳಿ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ.

ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಮುಂದಿನ ಸಭೆಯಲ್ಲಿ ಕೇಳೋಣ: "ಪರಿಶೀಲನೆ ಆಗಿದೆಯಾ ಸರ್? ಕಾಗದ ಕೊಡಿ, ನಾವೇ ಓದ್ತೇವೆ."