ಹರಾಜಿನ ಮನೆ ಅಗ್ಗವೇನೋ ಹೌದು, ಒಳಗೆ ಯಾರಿದ್ದಾರೆ?

ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ಕೆದಕ್ತಾ ಇದ್ದೆ. 'ಏ, ಇಲ್ನೋಡೇ... ಉತ್ತರಹಳ್ಳಿ ಹತ್ರ ಎರಡು ಬೆಡ್‌ರೂಮಿನ ಫ್ಲಾಟು, 48 ಲಕ್ಷ ಅಂತೆ!' ಅಂತ ನಮ್ಮನೆಯವರು ಪೇಪರ್ ಹಿಡಿದುಕೊಂಡು ಅಡುಗೆಮನೆಗೇ ಬಂದುಬಿಟ್ಟರು. ಹಿಂದಿನ ವಾರ ಅದೇ ಕಾಂಪ್ಲೆಕ್ಸಿನಲ್ಲಿ ನೋಡಿದ್ದ ಫ್ಲಾಟಿಗೆ 64 ಲಕ್ಷ ಹೇಳಿದ್ದರು. ಇದೇನಪ್ಪಾ ಇಷ್ಟು ಅಗ್ಗ ಅಂತ ನೋಡಿದರೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಬ್ಯಾಂಕಿನ ಇ-ಹರಾಜು ಪ್ರಕಟಣೆ.

ನೀವೂ ಇಂಥ ಪ್ರಕಟಣೆಗಳನ್ನು ನೋಡಿರ್ತೀರಿ. ಹೆಚ್ಚಿನವರು ಆ ಪುಟವನ್ನು ತಿರುವಿ ಹಾಕ್ತೀವಿ. ಆದರೆ ಬೆಂಗಳೂರಿನ ಕೆಲವು ಏಜೆಂಟರು ದಿನಾ ಮೊದಲು ಓದುವುದೇ ಆ ಪುಟವನ್ನು! ನಮ್ಮ ಬಡಾವಣೆಯ ಒಬ್ಬ ಬ್ರೋಕರ್‌ಗೆ ಫೋನ್ ಮಾಡಿದೆವು. 'ಸಾರ್, ಒಳ್ಳೇ ಪ್ರಾಪರ್ಟಿ. ನಾಳೇನೇ ಇಎಂಡಿ ಕಟ್ಟಿಬಿಡಿ, ಕೈಬಿಟ್ರೆ ಸಿಗಲ್ಲ' ಅಂದರು. ಇಎಂಡಿ ಅಂದರೆ ಹರಾಜಿಗೆ ಮೊದಲು ಕಟ್ಟುವ ಠೇವಣಿ. ಸಾಮಾನ್ಯವಾಗಿ ಮೀಸಲು ಬೆಲೆಯ ಶೇಕಡ 10. ನಮ್ಮ ಲೆಕ್ಕಕ್ಕೆ 4 ಲಕ್ಷದ 80 ಸಾವಿರ. ಹತ್ತು ವರ್ಷ ಚೀಟಿ ಹಾಕಿ ನಾನು ಕೂಡಿಟ್ಟ ದುಡ್ಡು ಹೆಚ್ಚೂಕಮ್ಮಿ ಅಷ್ಟೇ ಇತ್ತು. ಮನೆ ನೋಡದೆ ನಯಾಪೈಸೆ ಬಿಚ್ಚಲ್ಲ ಅಂತ ಹಟ ಹಿಡಿದೆ.

ನೋಡಲು ಹೋದೆವು. ಬಾಗಿಲಿಗೆ ಬ್ಯಾಂಕಿನ ನೋಟಿಸು ಅಂಟಿಸಿತ್ತು, ಕೆಳಗೆ ರಂಗೋಲಿಯೂ ಇತ್ತು! ಬೆಲ್ ಮಾಡಿದರೆ ನನ್ನದೇ ವಯಸ್ಸಿನ ಹೆಂಗಸೊಬ್ಬರು ಬಾಗಿಲು ತೆರೆದರು. ಓನರ್ ಅಲ್ಲ, ಭೋಗ್ಯಕ್ಕೆ ಇರುವವರು. 'ಓನರ್‌ಗೆ 15 ಲಕ್ಷ ಕೊಟ್ಟಿದೀವಿ ರೀ. ಲೋನ್ ಇರೋದು ಈ ನೋಟಿಸ್ ಅಂಟಿಸಿದ ಮೇಲೇನೇ ಗೊತ್ತಾಗಿದ್ದು. ಫೋನ್ ಎತ್ತಲ್ಲ ಅವರು' ಅಂದರು. ಒಳಗೆ ಮಗು ಮಗ್ಗಿ ಹೇಳ್ತಾ ಇತ್ತು. ನಾವು ಮನೆ ನೋಡಲೇ ಇಲ್ಲ, ನೀರು ಕುಡಿದು ಎದ್ದು ಬಂದೆವು.

ಇದನ್ನೆಲ್ಲ ಬಿಡಿಸಿ ಹೇಳಿದ್ದು ನನ್ನ ಓರಗಿತ್ತಿ ಪರಿಚಯಿಸಿದ ಇನ್ನೊಬ್ಬ ಏಜೆಂಟ್. ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಅಂತಿದ್ದರೆ ಮನೆ ಇನ್ನೂ ಬ್ಯಾಂಕಿನ ಕೈಗೆ ನಿಜವಾಗಿ ಬಂದಿಲ್ಲ ಎಂದರ್ಥ. ಹರಾಜಿನಲ್ಲಿ ಗೆದ್ದರೂ ಒಳಗಿರುವವರು ಖಾಲಿಯಾಗುವ ತನಕ ಕಾಯಬೇಕು. 'ಭೌತಿಕ ಸ್ವಾಧೀನ' ಅಂತಿದ್ದರೆ ಬೀಗದ ಕೈ ಬ್ಯಾಂಕಿನ ಬಳಿ ಇದೆ. ಜೊತೆಗೆ 'ಎಲ್ಲಿದೆಯೋ ಹಾಗೆ, ಹೇಗಿದೆಯೋ ಹಾಗೆ' ಎಂಬ ಷರತ್ತು ಬೇರೆ. ಅಸೋಸಿಯೇಷನ್ನಿನ ಮೆಂಟೆನೆನ್ಸ್ ಬಾಕಿ, ಕಂದಾಯ, ಕರೆಂಟ್ ಬಿಲ್ಲು ಸಾಮಾನ್ಯವಾಗಿ ಕೊಂಡವರ ತಲೆಗೇ ಬರುತ್ತೆ. ಒಳ್ಳೇ ಏಜೆಂಟು ಠೇವಣಿಯ ಮಾತೆತ್ತುವ ಮೊದಲು ಸೆಕ್ಯುರಿಟಿಯವರನ್ನು, ಅಸೋಸಿಯೇಷನ್ ಕಾರ್ಯದರ್ಶಿಯನ್ನು ಮಾತಾಡಿಸಿ ಈ ಪಟ್ಟಿ ತರ್ತಾನೆ. ಮನೆ ಪತ್ತೆ ಮಾಡಲು ಏಜೆಂಟೇ ಬೇಕೆಂದಿಲ್ಲ ಬಿಡಿ. ಸರ್ಕಾರಿ ಬ್ಯಾಂಕುಗಳ ಹರಾಜಿನ ಆಸ್ತಿಗಳು 2025ರ ಜನವರಿಯಲ್ಲಿ ಶುರುವಾದ 'ಬ್ಯಾಂಕ್‌ನೆಟ್' ತಾಣದಲ್ಲೇ ಸಿಗುತ್ತವೆ.

ದುಡ್ಡಿನ ಗಡುವು ಕೇಳಿದರಂತೂ ಎದೆ ಧಸಕ್ ಅಂತು. ಹರಾಜಿನಲ್ಲಿ ಗೆದ್ದರೆ ಠೇವಣಿಯೂ ಸೇರಿ ಶೇಕಡ 25ರಷ್ಟನ್ನು ಅವತ್ತೇ, ತಪ್ಪಿದರೆ ಮರುದಿನ ಬ್ಯಾಂಕ್ ತೆರೆದಾಗ ಕಟ್ಟಬೇಕು. ಮಿಕ್ಕ ಮುಕ್ಕಾಲು ಪಾಲು, ಮಾರಾಟ ಖಚಿತವಾದ 15 ದಿನದೊಳಗೆ. ಬ್ಯಾಂಕ್ ಬರವಣಿಗೆಯಲ್ಲಿ ಒಪ್ಪಿದರೆ ಗರಿಷ್ಠ ಮೂರು ತಿಂಗಳು. ತಪ್ಪಿದರೆ ಕಟ್ಟಿದ್ದು ಹೋಯ್ತು! ಹೋಮ್ ಲೋನ್ ನಂಬಿಕೊಂಡವರು ಅದನ್ನು ಮೊದಲೇ ಮಂಜೂರು ಮಾಡಿಸಿಕೊಂಡೇ ಹರಾಜಿಗೆ ಇಳಿಯಬೇಕು. ಠೇವಣಿ ಹೋಗಬೇಕಾದದ್ದು ಪ್ರಕಟಣೆಯಲ್ಲಿ ಹೇಳಿದ ಖಾತೆಗೆ ಮಾತ್ರ. 'ನಂಗೆ ಕೊಡಿ ಮೇಡಂ, ಮ್ಯಾನೇಜರ್ ನಮ್ಮೋರೇ' ಅನ್ನುವವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಹರಾಜಿಗೆ ಮುಂಚೆಯೇ...

'ಮೇಡಂ, ಹರಾಜಿನ ತನಕ ಯಾಕೆ ಕಾಯ್ತೀರಿ?' ಅಂದರು ಆ ಏಜೆಂಟ್. ನನಗೆ ಹೊಸದಾಗಿ ಕಂಡದ್ದು ಇದೇ.

ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಬ್ಯಾಂಕು ಆ ಸಾಲವನ್ನು ಅನುತ್ಪಾದಕ ಎನ್ನುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನಗಳ ನೋಟಿಸು. ಆಗಲೂ ಕಟ್ಟದಿದ್ದರೆ ಸ್ವಾಧೀನದ ನೋಟಿಸು ಪೇಪರಿನಲ್ಲಿ ಬರುತ್ತದೆ. ಹರಾಜಿನ ಪ್ರಕಟಣೆ ಬರುವುದು ಅದಾದ ಮೇಲೆ. ಈ ನಡುವಿನ ಅವಧಿಯಲ್ಲಿ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಓನರೇ ಮನೆ ಮಾರಿ ಸಾಲ ತೀರಿಸಬಹುದು. ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಸಾಲ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕೇ ಇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಾಗಾಗಿ ಆ ಕೆಲವು ವಾರಗಳಲ್ಲಿ ಓನರಿಗೆ ಬೇಕಾದದ್ದು ಗಟ್ಟಿ ಗಿರಾಕಿ. ಏಜೆಂಟ್ ಸ್ವಾಧೀನದ ನೋಟಿಸು ಓದಿಕೊಂಡು ಓನರ್ ಹತ್ತಿರ ಹೋಗುವುದು ಆಗಲೇ.

ನಮಗೆ ತೋರಿಸಿದ ಮನೆ ಅಂಥದ್ದು. ಯಜಮಾನರ ವ್ಯಾಪಾರ ಮುಚ್ಚಿಹೋಗಿತ್ತು. ಬ್ಯಾಂಕಿಗೆ 41 ಲಕ್ಷ ಬಾಕಿ. ಅವರ ಹೆಂಡತಿ ನಮಗೆ ಕಾಫಿ ಕೊಟ್ಟರು, ಆದರೆ ಮುಖ ಎತ್ತಿ ನೋಡಲಿಲ್ಲ. ನನಗೂ ಚೌಕಾಸಿ ಮಾಡೋಕೆ ಬಾಯಿ ಬರಲಿಲ್ಲ. ಏಜೆಂಟೇ ನಡುವೆ ಕೂತು 58 ಲಕ್ಷಕ್ಕೆ ಮುಗಿಸಿದರು. ಆ ಸುತ್ತಿನ ಬೆಲೆಗಿಂತ ನಮಗೆ ಉಳಿದದ್ದು ನಾಲ್ಕೈದು ಲಕ್ಷ. ಹರಾಜಿನಷ್ಟು ಅಗ್ಗವಲ್ಲ ನಿಜ. ಆದರೆ ಅವರ ಕೈಗೂ 17 ಲಕ್ಷ ಸಿಕ್ಕಿತು, ನಮಗೆ ಖಾಲಿ ಮನೆ ಸಿಕ್ಕಿತು.

ಆಮೇಲೆ ಬ್ಯಾಂಕಿಗೆ ಅಲೆದದ್ದೇ ಅಲೆದದ್ದು! ಬಾಕಿಯ ಲೆಕ್ಕವನ್ನು ಬ್ಯಾಂಕಿನಿಂದ ಬರವಣಿಗೆಯಲ್ಲಿ ತರಿಸಿದ್ದು ಏಜೆಂಟ್. ಇದಕ್ಕೆ ಇಲ್ಲಿ 'ಫೋರ್‌ಕ್ಲೋಷರ್ ಲೆಟರ್' ಅಂತಾರೆ. ಅಮೆರಿಕದಲ್ಲಿರೋ ನನ್ನ ತಂಗಿ ಈ ಹೆಸರು ಕೇಳಿ ಗಾಬರಿಯಾದಳು. ಅಲ್ಲಿ ಫೋರ್‌ಕ್ಲೋಷರ್ ಅಂದರೆ ಬ್ಯಾಂಕು ಮನೆ ಕಿತ್ತುಕೊಳ್ಳೋದಂತೆ! ಬ್ಯಾಂಕಿನಲ್ಲಿದ್ದ ಪತ್ರಗಳ ನಕಲು ತಂದು ನಮ್ಮ ವಕೀಲರಿಗೆ ಕೊಟ್ಟೆವು. ಇದನ್ನು ಮಾತ್ರ ಏಜೆಂಟ್ ಹೇಳಿದ ವಕೀಲರಿಂದ ಮಾಡಿಸಬೇಡಿ. ಒಪ್ಪಿಗೆ ಪತ್ರ ಬಂದ ಮೇಲೆ 41 ಲಕ್ಷ ನೇರವಾಗಿ ಅವರ ಸಾಲದ ಖಾತೆಗೇ ಹೋಯಿತು, ಓನರ್ ಕೈಗೆ ಕೊಡಲಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ವಾಪಸು ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ತೆರಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ರದ್ದಾದ ಮೇಲೇ ನಮ್ಮ ಹೆಸರಿಗೆ ಕ್ರಯಪತ್ರ. ಏಜೆಂಟ್ ಕಮಿಷನ್ ಶೇಕಡ 1, ರಿಜಿಸ್ಟ್ರೇಷನ್ ದಿನವೇ ಕೊಡುವುದು ಅಂತ ಮೊದಲೇ ಹಾಳೆಯಲ್ಲಿ ಬರೆಸಿದ್ದೆವು. ಬಾಯಿಮಾತಿನಲ್ಲಿ ಬಿಟ್ಟಿದ್ದರೆ ಕೊನೆಗೆ ಜಗಳವೇ ಆಗ್ತಿತ್ತೇನೋ.

ಭೋಗ್ಯದ ಆ ಹೆಂಗಸು ಅವತ್ತು ನನ್ನ ನಂಬರ್ ತಗೊಂಡಿದ್ದರು. ಅವರ 15 ಲಕ್ಷ ಇನ್ನೂ ಬಂದಿಲ್ಲ, ಓನರ್ ಮೇಲೆ ಕೇಸು ಹಾಕಿದಾರೆ. ಮೊನ್ನೆ ಫೋನ್ ಮಾಡಿ, 'ಬೇರೆ ಮನೆ ನೋಡಿದೀವಿ ರೀ, ಬಾಡಿಗೆಗೆ ಸಾಕು ಅಂದ್ರೂ ಇವರು ಮತ್ತೆ ಭೋಗ್ಯಕ್ಕೇ ಅಂತಿದಾರೆ. ಈ ಸಲ ಇಸಿ ತೆಗೆಸಿದೀನಿ, ಸ್ವಲ್ಪ ನೋಡ್ತೀರಾ?' ಅಂದರು. ಋಣಭಾರ ಪತ್ರದ ಫೋಟೊ ಕಳಿಸಿದರು. ಮೂರನೇ ಸಾಲಿನಲ್ಲಿ ಬ್ಯಾಂಕೊಂದರ ಹೆಸರಿಗೆ ಹಕ್ಕುಪತ್ರ ಇಟ್ಟು ಸಾಲ ಪಡೆದದ್ದು ನಮೂದಾಗಿತ್ತು. ತೀರಿಸಿದ್ದು ಎಲ್ಲೂ ಇರಲಿಲ್ಲ. 'ಅಡ್ವಾನ್ಸ್ ಕೊಟ್ಬಿಟ್ರಾ?' ಅಂತ ಕೇಳಿದೆ.

'ಇಲ್ಲ ರೀ, ನಾಳೆ ಬೆಳಿಗ್ಗೆ ಕೊಡೋದಿತ್ತು' ಅಂದರು.