ಮೊಗ್ಗಿನ ಜಡೆ

ಮೊಗ್ಗಿನ ಜಡೆ ಎಂಬುದು ಮಲ್ಲಿಗೆಯ ಅರಳದ ಮೊಗ್ಗುಗಳನ್ನು ಸಾಲುಸಾಲಾಗಿ ಹೊಲಿದು ಜಡೆಯನ್ನು ಬುಡದಿಂದ ತುದಿಯವರೆಗೆ ಮುಚ್ಚುವ ಸಾಂಪ್ರದಾಯಿಕ ಕೇಶಾಲಂಕಾರ. ಹಳೆಯ ಮೈಸೂರು ಪ್ರಾಂತ್ಯದಲ್ಲಿ ಇದು ವಿಶೇಷವಾಗಿ ಪ್ರಚಲಿತವಾಗಿದ್ದು, ತಮಿಳರಲ್ಲಿ ಪೂ ಜಡೈ, ತೆಲುಗರಲ್ಲಿ ಪೂಲ ಜಡ ಎಂದು ಕರೆಯಲ್ಪಡುತ್ತದೆ. ಮದುವಣಗಿತ್ತಿಗೂ ಸೀಮಂತದ ಗರ್ಭಿಣಿಗೂ ಇದನ್ನು ಹಾಕುವುದುಂಟು. ಆದರೆ ಮನೆಗಳಲ್ಲಿ ಇದು ಹೆಚ್ಚಾಗಿ ಉಳಿದು ಬಂದಿರುವುದು ಎಳೆಯ ಬಾಲಕಿಯರ ಅಲಂಕಾರವಾಗಿ.

ಕಾಲ

ದುಂಡುಮಲ್ಲಿಗೆ ಹೇರಳವಾಗಿ ದೊರೆಯುವುದು ಬೇಸಿಗೆಯಲ್ಲಿ. ಮದುವೆ, ಮುಂಜಿಗಳು ನಡೆಯುವುದೂ ಶಾಲೆಗೆ ರಜೆಯಿರುವುದೂ ಆಗಲೇ. ಹೀಗಾಗಿ ಮೊಗ್ಗಿನ ಜಡೆ ಬಹುಮಟ್ಟಿಗೆ ಬೇಸಿಗೆಯ ಅಲಂಕಾರವಾಯಿತು.

ಕಟ್ಟುವ ವಿಧಾನ

ದುಂಡುಮಲ್ಲಿಗೆ ಅರಳುವುದು ಸಂಜೆಯ ಹೊತ್ತಿಗೆ. ಅರಳಿದರೆ ಸಾಲುಗಳ ಅಚ್ಚುಕಟ್ಟು ಕೆಡುವುದರಿಂದ ಬೆಳಗ್ಗೆ ಕೊಯ್ದ ಬಿಗಿಯಾದ ಮೊಗ್ಗುಗಳನ್ನೇ ಆರಿಸಿ, ಹಗಲಿನಲ್ಲಿಯೇ ಕೆಲಸ ಮುಗಿಸಬೇಕಾಗುತ್ತದೆ. ಹಿಂದೆ ಮಗುವನ್ನು ಮಣೆಯ ಮೇಲೆ ಕೂರಿಸಿ, ಹೆಣೆದ ಜಡೆಗೇ ಸೂಜಿದಾರದಿಂದ ಮೊಗ್ಗುಗಳನ್ನು ಹೊಲಿಯುತ್ತಿದ್ದರು. ಇದಕ್ಕೆ ಗಂಟೆಗಳೇ ಹಿಡಿಯುತ್ತಿದ್ದವು. ಅಷ್ಟು ಹೊತ್ತು ಮಗು ಅಲುಗಾಡುವಂತಿರಲಿಲ್ಲ. ಬಾಳೆಯ ಪಟ್ಟೆ ಅಥವಾ ರಟ್ಟಿನ ಮೇಲೆ ಮೊದಲೇ ಹೊಲಿದಿಟ್ಟು ಬಳಿಕ ಜಡೆಗೆ ಕಟ್ಟುವ ಕ್ರಮ ಮಗುವಿನ ಮಟ್ಟಿಗೆ ಎಷ್ಟೋ ಸುಖಕರ. ಬಣ್ಣಕ್ಕಾಗಿ ನಡುನಡುವೆ ಕನಕಾಂಬರವನ್ನೂ ಪರಿಮಳಕ್ಕಾಗಿ ಮರುಗವನ್ನೂ ಸೇರಿಸುತ್ತಾರೆ. ಕೂದಲು ಗಿಡ್ಡವಾಗಿದ್ದರೆ ಚೌರಿಯಿಂದ ಜಡೆಯನ್ನು ಉದ್ದಗೊಳಿಸಲಾಗುತ್ತದೆ. ಮುಂದಲೆಗೆ ಬೈತಲೆಬೊಟ್ಟು, ನೆತ್ತಿಯ ಹಿಂಬದಿಗೆ ರಾಗಟೆ, ಜಡೆಯ ತುದಿಗೆ ಕುಚ್ಚು.

ಮಗುವಿನ ಸೌಕರ್ಯ

ನೀರು ಚಿಮುಕಿಸಿದ ಮೊಗ್ಗುಗಳು ಹಗುರವಾಗಿರುವುದಿಲ್ಲ. ಅವುಗಳ ಭಾರವೆಲ್ಲ ಒಂದೇ ಗಂಟಿನ ಮೇಲೆ ಬಿದ್ದರೆ ಕೂದಲಿನ ಬುಡ ಎಳೆದು ತಲೆನೋವು, ಕತ್ತುನೋವು ಬರುತ್ತವೆ. ಆದ್ದರಿಂದ ಪಟ್ಟೆಯನ್ನು ಜಡೆಯ ಉದ್ದಕ್ಕೂ ನಾಲ್ಕೈದು ಕಡೆ ಕಟ್ಟುವುದು ಉಚಿತ. ತಲೆಯ ಮೂಲಕ ತೊಡಿಸುವ ಉಡುಪು ಜಡೆಯನ್ನು ಕೆಡಿಸುತ್ತದೆಯಾದ್ದರಿಂದ ರೇಷ್ಮೆಲಂಗ, ರವಿಕೆಗಳನ್ನು ಮೊದಲೇ ತೊಡಿಸಿ, ಅವುಗಳ ಮೇಲೆ ಹಳೆಯ ಬಟ್ಟೆ ಹೊದಿಸಿಕೊಳ್ಳುತ್ತಾರೆ. ಜಡೆ ಹಾಕಿದ ಮೇಲೆ ಮಗು ಒರಗುವಂತಿಲ್ಲ, ಮಲಗುವಂತಿಲ್ಲ. ಊಟವನ್ನು ಮುಂಚಿತವಾಗಿಯೇ ಮುಗಿಸುವುದು ಲೇಸು. ಸಮಾರಂಭ ಮುಗಿದೊಡನೆ ಜಡೆಯನ್ನು ಎಳೆಯದೆ, ದಾರ ಕತ್ತರಿಸಿ ಬಿಡಿಸಬೇಕು. ಮಗು ಅಳತೊಡಗಿದರೆ ಆರತಿಯವರೆಗೆ ಕಾಯಿಸುವುದು ಸಲ್ಲದು.

ಛಾಯಾಚಿತ್ರ

ಅಲಂಕಾರವೆಲ್ಲ ಬೆನ್ನಿನ ಕಡೆಗೇ ಇರುವುದರಿಂದ ಅದು ತೊಟ್ಟ ಮಗುವಿಗೇ ಕಾಣುವುದಿಲ್ಲ. ಸ್ಟುಡಿಯೋಗಳಲ್ಲಿ ಮಗುವಿನ ಹಿಂದೆ ನಿಲುವುಗನ್ನಡಿಯನ್ನಿರಿಸಿ, ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಮೂಡುವಂತೆ ಮಾಡುತ್ತಿದ್ದರು. ಅನೇಕ ಮನೆಗಳ ಗೋಡೆಗಳಲ್ಲಿ ಇಂತಹ ಕಪ್ಪುಬಿಳುಪು ಚಿತ್ರಗಳಿವೆ. ಇವುಗಳಲ್ಲಿರುವವರೆಲ್ಲ ಬಾಲಕಿಯರೇ ಎಂದು ತಿಳಿಯಬೇಕಿಲ್ಲ. ಚೌಲಕ್ಕೆ ಮುನ್ನ ಗಂಡುಮಗುವಿನ ಬೆಳೆದ ಕೂದಲಿಗೂ ಮೊಗ್ಗಿನ ಜಡೆ ಹಾಕಿ, ಲಂಗ ತೊಡಿಸಿ ಚಿತ್ರ ತೆಗೆಸುವ ಪದ್ಧತಿ ಹಲವು ಕುಟುಂಬಗಳಲ್ಲಿತ್ತು.